ಹಳೆಯ ಕನ್ನಡ ಕಡತ ತೆರೆದಾಗ ಕಾಣುವ ವಿಚಿತ್ರ ಅಕ್ಷರಗಳ ಒಳಗುಟ್ಟು

ನಮ್ಮ ದೊಡ್ಡಪ್ಪನವರು ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಊರಿನ ಕೆರೆ, ಅದರ ತೂಬು ಮತ್ತು ಕೋಡಿ, ಅಚ್ಚುಕಟ್ಟಿನ ಗದ್ದೆಗಳ ಹೆಸರು, ನೀರು ಬಿಡುವ ಸರದಿಯ ಕಟ್ಟುಪಾಡು ಇವುಗಳನ್ನೆಲ್ಲ ಕುರಿತು ನಲವತ್ತೊಂದು ಪುಟಗಳ ಬರಹವೊಂದನ್ನು ಸಿದ್ಧಪಡಿಸಿ, 2004ರಲ್ಲಿ ಪೇಟೆಯ ಡಿಟಿಪಿ ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿದ್ದರು. ಮುದ್ರಿಸಿಕೊಂಡ ಹಾಳೆಗಳು ಗೆದ್ದಲಿಗೆ ಹೋದವು. ಅಂಗಡಿಯವರು ಕೊಟ್ಟಿದ್ದ ಸಿಡಿ ಮಾತ್ರ ಉಳಿದಿತ್ತು. ಕಳೆದ ವರ್ಷ ಅದರಲ್ಲಿದ್ದ ಫೈಲನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಪರದೆಯ ಮೇಲೆ ಒಂದೇ ಒಂದು ಕನ್ನಡ ಅಕ್ಷರವೂ ಇರಲಿಲ್ಲ. ಮೊದಲ ಸಾಲಿನ ಒಂದು ಪದವನ್ನೇ ನೋಡಿದರೆ, ಇಂಗ್ಲಿಷಿನ ದೊಡ್ಡ ‘ಪಿ’, ಅದರ ಪಕ್ಕದಲ್ಲಿ ನೆತ್ತಿಯ ಮೇಲೆ ಓರೆಗೆರೆಯುಳ್ಳ ದೊಡ್ಡ ‘ಎ’, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಓರೆಗೆರೆಯ ‘ಎ’, ಜರ್ಮನ್ ಭಾಷೆಯಲ್ಲಿ ಮಾತ್ರ ಬಳಕೆಯಲ್ಲಿರುವ ಒಂದು ಅಕ್ಷರ, ಚಿಕ್ಕ ‘ಕ್ಯೂ’, ಕೊನೆಗೆ ಇನ್ನೊಮ್ಮೆ ಓರೆಗೆರೆಯ ‘ಎ’. “ಫೈಲು ಕೆಟ್ಟುಹೋಗಿದೆಯೇನಪ್ಪಾ?” ಎಂದು ಪಕ್ಕದಲ್ಲಿ ಕುಳಿತಿದ್ದ ದೊಡ್ಡಪ್ಪನವರು ಕೇಳಿದರು.

ಕೆಟ್ಟಿರಲಿಲ್ಲ. ಮೇಲೆ ಹೇಳಿದ ಏಳು ಚಿಹ್ನೆಗಳ ಸಾಲು ‘ಕನ್ನಡ’ ಎಂಬ ಪದವೇ. ಇಪ್ಪತ್ತು ವರ್ಷಗಳ ಹಿಂದೆ ಟೈಪ್ ಮಾಡಿಸಿದ ಕಥೆ, ಪ್ರಬಂಧ, ಸಂಘದ ವರದಿ, ಮದುವೆಯ ಕರೆಯೋಲೆ, ವಂಶವೃಕ್ಷ ಯಾವುದನ್ನು ಈಗ ತೆರೆದರೂ ಇಂಥದೇ ಸಾಲುಗಳು ಕಾಣಿಸಬಹುದು. ಅವು ಹೀಗೇಕೆ ಕಾಣುತ್ತವೆ ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ಅರ್ಥ ಮಾಡಿಕೊಂಡರೆ, ಹೋಯಿತೆಂದು ಕೈಬಿಟ್ಟ ಎಷ್ಟೋ ಕಡತಗಳನ್ನು ಹಣ ಖರ್ಚು ಮಾಡದೆ ಮನೆಯಲ್ಲಿಯೇ ಉಳಿಸಿಕೊಳ್ಳಬಹುದು.

ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವೊಂದನ್ನು ಅಮೆರಿಕದವರು 1963ರಲ್ಲಿ ‘ಆಸ್ಕಿ’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಮನೆಗಳು 128. ಇಂಗ್ಲಿಷಿನ ದೊಡ್ಡ ಮತ್ತು ಚಿಕ್ಕ ಅಕ್ಷರ, ಅಂಕಿ, ವಿರಾಮಚಿಹ್ನೆಗಳಿಗೆ ಅಷ್ಟು ಸಾಕಾಗಿತ್ತು. ಮುಂದೆ ಒಂದು ಬೈಟಿನಲ್ಲಿ ಹಿಡಿಸುವ 256 ಮನೆಗಳನ್ನೂ ಬಳಸಿಕೊಂಡು, ಮೇಲಿನ ಅರ್ಧದಲ್ಲಿ ಫ್ರೆಂಚ್, ಜರ್ಮನ್ ಮೊದಲಾದ ಯುರೋಪಿನ ಭಾಷೆಗಳ ವಿಶೇಷ ಅಕ್ಷರಗಳನ್ನು ಕೂರಿಸಿದರು. ಕನ್ನಡಕ್ಕೆ ಅಲ್ಲಿ ಒಂದು ಮನೆಯೂ ಇರಲಿಲ್ಲ.

ಆ ಕಾಲದಲ್ಲಿ ಕನ್ನಡವನ್ನು ಗಣಕದಲ್ಲಿ ಮೂಡಿಸಲು ಹೊರಟವರಲ್ಲಿ ಹೆಚ್ಚಿನವರು ಹಿಡಿದ ದಾರಿ ಒಂದೇ. ಸಂಖ್ಯೆಗಳನ್ನು ಇದ್ದಂತೆಯೇ ಬಿಟ್ಟು, ಫಾಂಟಿನಲ್ಲಿರುವ ಚಿತ್ರಗಳನ್ನು ಬದಲಿಸುವುದು. 80ನೆಯ ಮನೆ ಇಂಗ್ಲಿಷಿನ ‘ಪಿ’ ಅಕ್ಷರದ್ದು. ಅಲ್ಲಿ ‘ಪಿ’ ಚಿತ್ರದ ಬದಲು ತಲೆಕಟ್ಟಿಲ್ಲದ ‘ಕ’ದ ಒಡಲನ್ನು ಬರೆದಿಟ್ಟರೆ, ಗಣಕ ತಾನು ‘ಪಿ’ ತೋರಿಸುತ್ತಿದ್ದೇನೆಂದು ತಿಳಿದೇ ‘ಕ’ವನ್ನು ತೋರಿಸುತ್ತದೆ. ಆದರೆ ಕನ್ನಡದ 34 ವ್ಯಂಜನಗಳ ಕಾಗುಣಿತವೇ ನಾನೂರನ್ನು ದಾಟುತ್ತದೆ, ಒತ್ತಕ್ಷರಗಳ ಲೆಕ್ಕವಂತೂ ಸಾವಿರಗಳಲ್ಲಿದೆ. ಇವೆಲ್ಲ 256 ಮನೆಗಳಲ್ಲಿ ಹಿಡಿಸುವುದು ಅಸಾಧ್ಯ. ಹಾಗಾಗಿ ಅಕ್ಷರಗಳನ್ನು ತುಂಡು ತುಂಡಾಗಿ ಬಿಡಿಸಿದರು. ತಲೆಕಟ್ಟಿಗೆ ಒಂದು ಮನೆ, ಕೊಂಬಿಗೆ ಒಂದು, ದೀರ್ಘಕ್ಕೆ ಒಂದು, ಅರ್ಕಾವೊತ್ತಿಗೆ ಒಂದು, ಪ್ರತಿಯೊಂದು ಒತ್ತಿಗೂ ಒಂದೊಂದು. ‘ಕಿ’ಯಂತೆ ಒಡಲಿನಲ್ಲಿಯೇ ಬೆರೆತುಹೋಗುವ ರೂಪಗಳಿಗೆ ಮಾತ್ರ ಪ್ರತ್ಯೇಕ ಮನೆ ಕೊಟ್ಟರು. ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರಿಗೆ ಈ ವಿಧಾನ ಹೊಸತಾಗಿ ತೋರಲಾರದು. ಕಟ್ಟಿಗೆಯ ಮೊಳೆಖಾನೆಯಲ್ಲಿದ್ದ ತುಂಡುಗಳೇ ಇಲ್ಲಿ ಸಂಖ್ಯೆಗಳ ಖಾನೆಗೆ ಬಂದು ಕುಳಿತವು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶವೂ, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಎಂಬ ಅಂಥದೇ ತಂತ್ರಾಂಶವೂ ಈ ತಂತ್ರದಿಂದಲೇ ಊರೂರಿನ ಡಿಟಿಪಿ ಅಂಗಡಿಗಳನ್ನೂ ಸರ್ಕಾರಿ ಕಚೇರಿಗಳನ್ನೂ ತಲುಪಿದವು. ಆ ಫಾಂಟುಗಳು ಇಲ್ಲದೆ ಹೋಗಿದ್ದರೆ ಎರಡು ದಶಕಗಳ ಕನ್ನಡ ಬರಹ ಗಣಕಕ್ಕೆ ಬರುತ್ತಲೇ ಇರಲಿಲ್ಲ ಎಂಬುದನ್ನು ಇಂದು ಅವುಗಳ ತೊಡಕನ್ನು ಹೇಳುವಾಗಲೂ ನೆನೆಯಬೇಕು.

ತೊಡಕು ಇರುವುದು ಇಷ್ಟೆ. ‘ಕನ್ನಡ’ ಎಂಬ ಪದ ದೊಡ್ಡಪ್ಪನವರ ಫೈಲಿನಲ್ಲಿ 80, 192, 163, 192, 223, 113, 192 ಎಂಬ ಏಳು ಸಂಖ್ಯೆಗಳಾಗಿ ಕುಳಿತಿದೆ. ಬಿಡಿಸಿ ಓದಿದರೆ ‘ಕ’ದ ಒಡಲು, ತಲೆಕಟ್ಟು, ‘ನ’ದ ಒಡಲು, ತಲೆಕಟ್ಟು, ‘ನ’ದ ಒತ್ತು, ‘ಡ’ದ ಒಡಲು, ತಲೆಕಟ್ಟು. ಅದೇ ಫಾಂಟು ಇರುವ ಗಣಕದಲ್ಲಿ ಇದು ಅಚ್ಚುಕಟ್ಟಾದ ಕನ್ನಡ. ಫಾಂಟು ಇಲ್ಲದ ಕಡೆ ಗಣಕ ಆ ಸಂಖ್ಯೆಗಳ ಮೂಲ ಒಡೆಯರನ್ನು ಕರೆದು ನಿಲ್ಲಿಸುತ್ತದೆ, ಅಂದರೆ ಪಿ, ಓರೆಗೆರೆಯ ಎ, ಪೌಂಡ್. ಫೈಲಿನೊಳಗಿನ ಒಂದು ಸಂಖ್ಯೆಯೂ ಬದಲಾಗಿಲ್ಲ. ಆದುದರಿಂದ ಮೊದಲ ಮದ್ದು ಬಹಳ ಸರಳವಾದದ್ದು: ನುಡಿ ಅಥವಾ ಬರಹದ ಫಾಂಟನ್ನು ಉಚಿತವಾಗಿ ಇಳಿಸಿಕೊಂಡು, ಪಠ್ಯವನ್ನೆಲ್ಲ ಆಯ್ದು ಆ ಫಾಂಟಿಗೆ ಬದಲಿಸಿದರೆ ಬರಹ ಮತ್ತೆ ಕಣ್ಣಿಗೆ ಕಾಣುತ್ತದೆ. ನಾನು ಹಾಗೆ ಮಾಡಿದಾಗ ದೊಡ್ಡಪ್ಪನವರು ಕನ್ನಡಕ ಸರಿಮಾಡಿಕೊಂಡು ಮೊದಲ ಪುಟವನ್ನು ಗಟ್ಟಿಯಾಗಿ ಓದಿದರು.

ಆದರೆ ಕಣ್ಣಿಗೆ ಕಂಡರಷ್ಟೆ ಸಾಲದು. ಆ ಪಠ್ಯವನ್ನು ಮೊಬೈಲಿಗೆ ಕಳುಹಿಸಿದರೆ ಮತ್ತೆ ಪಿ, ಪೌಂಡ್. ಒಂದು ಪದವನ್ನು ಹುಡುಕಿದರೆ ಸಿಗದು. ಗಣಕದ ಮಟ್ಟಿಗೆ ಅದು ಇನ್ನೂ ಕನ್ನಡವಾಗಿಲ್ಲ. ಕನ್ನಡವಾಗಬೇಕಾದರೆ ಅದು ಯೂನಿಕೋಡಿಗೆ ಬರಬೇಕು.

ಯೂನಿಕೋಡ್ ಎಂದರೆ ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಬೇರಾವ ಅಕ್ಷರವೂ ಹಂಚಿಕೊಳ್ಳದ ಒಂದು ಸಂಖ್ಯೆಯನ್ನು ಕೊಡುವ ಒಪ್ಪಂದ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳ ಓಣಿಯೊಂದು ದೊರೆಯಿತು. ಭಾರತೀಯ ಲಿಪಿಗಳಿಗಾಗಿ ನಮ್ಮಲ್ಲೇ ರೂಪುಗೊಂಡಿದ್ದ ‘ಇಸ್ಕಿ’ ಎಂಬ ಸಂಕೇತಪದ್ಧತಿಯೇ ಅದಕ್ಕೆ ಮಾದರಿ. ಅಲ್ಲಿ ತಲೆಕಟ್ಟಿಗೆ ಮನೆಯಿಲ್ಲ, ಒತ್ತುಗಳಿಗೂ ಮನೆಯಿಲ್ಲ. ‘ಕನ್ನಡ’ ಎಂಬುದು 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು, ಅಂದರೆ ‘ಕ’, ‘ನ’, ಹಲಂತ (ವ್ಯಂಜನಕ್ಕೆ ಸ್ವರವಿಲ್ಲವೆಂದು ಸೂಚಿಸುವ ಚಿಹ್ನೆ), ‘ನ’, ‘ಡ’. ‘ನ’ಕ್ಕೆ ಒತ್ತು ಬರೆಯಬೇಕು, ಅದು ಕೆಳಗೆ ಬರಬೇಕು ಎಂಬ ತಿಳಿವಳಿಕೆಯೆಲ್ಲ ಫಾಂಟಿನದು ಮತ್ತು ಅದನ್ನು ತೆರೆದು ತೋರಿಸುವ ತಂತ್ರಾಂಶದ್ದು.

ಎರಡರ ನಡುವಿನ ನಿಜವಾದ ಅಂತರ ಸಂಖ್ಯೆಗಳಲ್ಲಿಲ್ಲ, ಕ್ರಮದಲ್ಲಿದೆ ಎಂದು ನನಗೆ ತೋರುತ್ತದೆ. ಈ ಲೇಖನ ಬರೆಯಲು ಕೂತದ್ದೂ ಅದನ್ನು ಹೇಳಬೇಕೆಂದೇ. ಹಳೆಯ ಫಾಂಟು ಕೈ ಬರೆಯುವ ಕ್ರಮವನ್ನು ಹಿಡಿದಿಡುತ್ತದೆ, ಯೂನಿಕೋಡ್ ಬಾಯಿ ನುಡಿಯುವ ಕ್ರಮವನ್ನು. ‘ಕರ್ನಾಟಕ’ ಎಂದು ಬರೆಯುವಾಗ ‘ಕ’ ಬರೆದು, ‘ನಾ’ ಬರೆದು, ಆಮೇಲೆ ಅದರ ಬಲಕ್ಕೆ ಅರ್ಕಾವೊತ್ತು ಹಾಕುತ್ತೇವೆ. ನುಡಿಯುವಾಗ ರಕಾರ ‘ನಾ’ಕ್ಕಿಂತ ಮೊದಲೇ ಬರುತ್ತದೆ. ಹಳೆಯ ಫೈಲಿನಲ್ಲಿ ಅರ್ಕಾವೊತ್ತು ‘ನಾ’ದ ನಂತರವೇ ಇದೆ, ಯೂನಿಕೋಡಿನಲ್ಲಿ ‘ರ’ ಮತ್ತು ಹಲಂತ ‘ನ’ಕ್ಕಿಂತ ಮುಂಚೆ ಇವೆ. ‘ಅದನ್ನು’ ಎಂಬ ಪದವನ್ನು ನೋಡಿ. ನಮ್ಮ ಕೈ ‘ನ’ ಬರೆದು, ಅದಕ್ಕೆ ಉಕಾರದ ಕೊಂಬು ಕೊಟ್ಟು, ಕೊನೆಯಲ್ಲಿ ಕೆಳಗೆ ಒತ್ತು ಬರೆಯುತ್ತದೆ. ನಮ್ಮ ನಾಲಗೆ ಎರಡು ನಕಾರಗಳನ್ನು ಮುಗಿಸಿದ ಮೇಲೆ ಉಕಾರವನ್ನು ಹೇಳುತ್ತದೆ. ದ್ವಿತೀಯಾ ವಿಭಕ್ತಿ ಬಂದ ಕಡೆಯೆಲ್ಲ ಈ ಅದಲುಬದಲು ಇರುವುದರಿಂದ ಒಂದು ಪುಟದಲ್ಲಿ ಹತ್ತಿಪ್ಪತ್ತು ಬಾರಿ ಇದನ್ನು ಸರಿಪಡಿಸಬೇಕಾಗುತ್ತದೆ. ಹಳೆಯ ಪಠ್ಯವನ್ನು ಯೂನಿಕೋಡಿಗೆ ತರುವ ಪರಿವರ್ತಕ ತಂತ್ರಾಂಶ ಸಂಖ್ಯೆಗೆ ಸಂಖ್ಯೆ ಬದಲಿಸಿ ಸುಮ್ಮನಾಗುವುದಿಲ್ಲ. ಬರೆದ ಕ್ರಮವನ್ನು ಓದಿ, ನುಡಿವ ಕ್ರಮಕ್ಕೆ ತಿರುಗಿಸಿ ಜೋಡಿಸುತ್ತದೆ. ತುಂಡುಗಳನ್ನೂ ಬೆಸೆಯುತ್ತದೆ: ಹಳೆಯ ಫೈಲಿನಲ್ಲಿ ‘ಕೋ’ ಎಂಬುದು ‘ಕ’ದ ಒಡಲು, ಏತ್ವ, ಕೊಂಬು, ದೀರ್ಘ ಎಂಬ ನಾಲ್ಕು ತುಂಡುಗಳು, ಯೂನಿಕೋಡಿನಲ್ಲಿ ‘ಕ’ ಮತ್ತು ಓಕಾರದ ಚಿಹ್ನೆ ಎಂಬ ಎರಡೇ.

ನುಡಿವ ಕ್ರಮದಲ್ಲಿ ಇಟ್ಟದ್ದರಿಂದ ಏನಾಯಿತು? ಹುಡುಕಾಟ ಸಾಧ್ಯವಾಯಿತು, ಅಕಾರಾದಿ ಜೋಡಣೆ ಸಾಧ್ಯವಾಯಿತು, ಎಲ್ಲಕ್ಕಿಂತ ಮುಖ್ಯವಾಗಿ ಗಣಕ ಕನ್ನಡವನ್ನು ಗಟ್ಟಿಯಾಗಿ ಓದಬಲ್ಲದ್ದಾಯಿತು. ದೃಷ್ಟಿಯಿಲ್ಲದವರು ಬಳಸುವ ‘ಎನ್‌ವಿಡಿಎ’ ಎಂಬ ಪರದೆ ಓದುಗ ತಂತ್ರಾಂಶ ಸಂಪೂರ್ಣ ಉಚಿತ. ತಾವೇ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರು ಅದನ್ನು 2006ರಲ್ಲಿ ಆರಂಭಿಸಿದರು. ಅದರೊಡನೆ ಬರುವ ‘ಈಸ್ಪೀಕ್’ ಧ್ವನಿಗೆ ಕನ್ನಡ ಓದಲು ಬರುತ್ತದೆ. ಯೂನಿಕೋಡಿನಲ್ಲಿರುವ ಸುತ್ತೋಲೆಯನ್ನು ಅದು ಕನ್ನಡವಾಗಿ ಓದಿ ಹೇಳುತ್ತದೆ, ಹಳೆಯ ಫಾಂಟಿನಲ್ಲಿರುವ ಸುತ್ತೋಲೆಯನ್ನು ಪಿ, ಪೌಂಡ್, ಕ್ಯೂ ಎಂದು ಓದುತ್ತದೆ. ಕಣ್ಣಿರುವವರಿಗೆ ಅರೆಗಳಿಗೆಯ ಕಿರಿಕಿರಿಯಾದದ್ದು ಕಣ್ಣಿಲ್ಲದವರಿಗೆ ಮುಚ್ಚಿದ ಬಾಗಿಲು. ಇಂದಿಗೂ ಸಾರ್ವಜನಿಕರಿಗೆಂದು ಹಳೆಯ ಫಾಂಟಿನಲ್ಲಿ ಪ್ರಕಟಣೆ ಸಿದ್ಧಪಡಿಸುವವರು ಈ ಒಂದು ಕಾರಣಕ್ಕಾಗಿಯಾದರೂ ಬದಲಾಗಬೇಕು.

ಅಕಾರಾದಿಯ ಮಾತು ಬಂದದ್ದರಿಂದ ಯೂನಿಕೋಡಿನ ಎರಡು ಸಣ್ಣ ಊನಗಳನ್ನೂ ಹೇಳಿಬಿಡುತ್ತೇನೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕಟ್ಟಕಡೆಯದು, ‘ಹ’ದ ನಂತರ ಬರುತ್ತದೆ, ಯೂನಿಕೋಡಿನ ಓಣಿಯಲ್ಲಿ ಅದು ‘ಲ’ದ ಪಕ್ಕದಲ್ಲಿಯೇ, ‘ವ’ಕ್ಕಿಂತ ಮೊದಲೇ ಕುಳಿತಿದೆ. ಕನ್ನಡದ ಕ್ರಮವನ್ನು ಬೇರೆಯಾಗಿ ಹೇಳಿಕೊಡದ ತಂತ್ರಾಂಶಗಳು ಹೆಸರುಗಳ ಪಟ್ಟಿಯನ್ನು ಜೋಡಿಸುವಾಗ ತಪ್ಪುವುದು ಇದರಿಂದ. ಇನ್ನೊಂದು, ಹಳಗನ್ನಡದ ‘ೞ’. ಅದಕ್ಕೆ ಮನೆಯೇನೋ ಸಿಕ್ಕಿದೆ, ಆದರೆ ಅಧಿಕೃತ ಪಟ್ಟಿಯಲ್ಲಿ ಅದರ ಹೆಸರು ‘ಫ’ ಎಂದು ತಪ್ಪಾಗಿ ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲ ಎಂಬುದು ಯೂನಿಕೋಡಿನ ನಿಯಮವಾದ್ದರಿಂದ, ಇದು ತಪ್ಪು ಎಂಬ ಟಿಪ್ಪಣಿಯನ್ನು ಪಕ್ಕದಲ್ಲಿ ಬರೆದು ಹಾಗೆಯೇ ಬಿಟ್ಟಿದ್ದಾರೆ. ಬಳಸುವವರಿಗೆ ಇದರಿಂದ ತೊಂದರೆಯಿಲ್ಲ.

1991ರಲ್ಲಿಯೇ ಯೂನಿಕೋಡ್ ಇದ್ದರೂ 2004ರ ಡಿಟಿಪಿ ಅಂಗಡಿ ಹಳೆಯ ಫಾಂಟನ್ನೇ ಬಳಸಿದ್ದು ಏಕೆ ಎಂದು ಕೇಳಬಹುದು. ಸಂಖ್ಯೆಗಳ ಪಟ್ಟಿ ಸಿದ್ಧವಾದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ಹಲಂತ ಬಂದಾಗ ಒತ್ತು ಬರೆಯಬೇಕೆಂಬ ತಿಳಿವಳಿಕೆ ಪ್ರತಿಯೊಂದು ತಂತ್ರಾಂಶಕ್ಕೂ ಬರಬೇಕು. ವಿಂಡೋಸಿನಲ್ಲಿ ಅದು ನೆಲೆಯಾದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಡನೆ. ಆಂಡ್ರಾಯ್ಡ್ ಮೊಬೈಲುಗಳಿಗೆ ಬಂದದ್ದು 2012ರ 4.1 ಆವೃತ್ತಿಯಲ್ಲಿ, ಅದಕ್ಕೆ ಮೊದಲು ಎಷ್ಟೋ ಫೋನುಗಳಲ್ಲಿ ಕನ್ನಡ ಸಂದೇಶವೆಂದರೆ ಬರಿಯ ಚೌಕಗಳ ಸಾಲು. ಪುಸ್ತಕ, ಪತ್ರಿಕೆಗಳ ಪುಟ ಕಟ್ಟುತ್ತಿದ್ದ ಪೇಜ್‌ಮೇಕರಿಗಂತೂ ಈ ತಿಳಿವಳಿಕೆ ಎಂದೂ ಬರಲಿಲ್ಲ. ಅದರ ಕೊನೆಯ ಆವೃತ್ತಿ 2001ರದು, ಆದರೆ ನಮ್ಮ ಮುದ್ರಣಾಲಯಗಳಲ್ಲಿ ಆಮೇಲೂ ಬಹಳ ವರ್ಷ ಅದೇ ನಡೆಯಿತು.

ಪರದೆಯ ಮೇಲೆ ಕನ್ನಡದ ಬದಲು ಬೇರೇನೋ ಕಂಡಾಗಲೆಲ್ಲ ಅದು ಹಳೆಯ ಫಾಂಟಿನದೇ ದೋಷವೆಂದೇನೂ ಇಲ್ಲ. ರೋಗ ಯಾವುದೆಂದು ಲಕ್ಷಣದಿಂದಲೇ ತಿಳಿಯಬಹುದು. ಪೌಂಡ್ ಚಿಹ್ನೆ, ದೊಡ್ಡ ‘ಪಿ’, ಓರೆಗೆರೆಯ ದೊಡ್ಡ ‘ಎ’ ಮತ್ತೆ ಮತ್ತೆ ಬರುತ್ತಿದ್ದರೆ ಅದು ಈವರೆಗೆ ಹೇಳಿದ ನುಡಿ ಅಥವಾ ಬರಹದ ಪಠ್ಯ. ಓರೆಗೆರೆಯುಳ್ಳ ಚಿಕ್ಕ ‘ಎ’ ಮತ್ತು ಅದರ ಬೆನ್ನಿಗೆ ಮೇಲೇರಿ ಕುಳಿತ ಪುಟ್ಟ 2 ಅಥವಾ 3 ಪ್ರತಿ ಮೂರು ಚಿಹ್ನೆಗಳಿಗೊಮ್ಮೆ ಬರುತ್ತಿದ್ದರೆ ಅದು ಬೇರೆಯೇ ಕಥೆ: ಪಠ್ಯ ಅಪ್ಪಟ ಯೂನಿಕೋಡಿನಲ್ಲಿಯೇ ಇದೆ, ತೆರೆದವರು ತಪ್ಪಾಗಿ ಓದುತ್ತಿದ್ದಾರೆ. ಯೂನಿಕೋಡ್ ಸಂಖ್ಯೆಗಳನ್ನು ಫೈಲಿನಲ್ಲಿ ಬರೆದಿಡುವ ‘ಯುಟಿಎಫ್-8’ ಎಂಬ ರೂಢಿಯಲ್ಲಿ ಕನ್ನಡದ ಒಂದೊಂದು ಸಂಖ್ಯೆಗೂ ಮೂರು ಬೈಟುಗಳು ಬೇಕು. ‘ಕ’ ಎಂದರೆ 224, 178, 149. ಮೂರನ್ನೂ ಕೂಡಿಸಿ ಓದುವ ಬದಲು ಒಂದೊಂದನ್ನೂ ಒಂದೊಂದು ಅಕ್ಷರವೆಂದು ಓದಿದರೆ ಈ ಗೋಜಲು ಕಾಣುತ್ತದೆ. ಕನ್ನಡ ಹೆಸರುಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆದಿಟ್ಟ ಸಿಎಸ್‌ವಿ ಪಟ್ಟಿಯನ್ನು ಎಕ್ಸೆಲ್ಲಿನಲ್ಲಿ ನೇರವಾಗಿ ಎರಡು ಬಾರಿ ಒತ್ತಿ ತೆರೆದವರಿಗೆ ಇದು ಚಿರಪರಿಚಿತ. ಹಾಗೆ ತೆರೆಯುವ ಬದಲು ‘ಡೇಟಾ’ ವಿಭಾಗದಿಂದ ಆ ಕಡತವನ್ನು ಒಳತಂದು, ಸಂಕೇತಪದ್ಧತಿ ಕೇಳಿದ ಕಡೆ 65001 ಯುಟಿಎಫ್-8 ಎಂದು ಆರಿಸಿದರೆ ಕನ್ನಡ ಸರಿಯಾಗಿ ಬರುತ್ತದೆ. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ಇಂಥ ಪಟ್ಟಿಯನ್ನು ತೆರೆಯುವ ಮೊದಲು ತಾನಾಗಿಯೇ ಈ ಪ್ರಶ್ನೆಯನ್ನು ಕೇಳುತ್ತದೆ.

ಖಾಲಿ ಚೌಕಗಳು ಕಂಡರೆ ಫಾಂಟಿಲ್ಲ ಎಂದಷ್ಟೇ ಅರ್ಥ. ‘ನೋಟೋ’ ಸರಣಿಯ ಕನ್ನಡ ಫಾಂಟೊಂದನ್ನು ಹಾಕಿಕೊಂಡರೆ ಮುಗಿಯಿತು. ಆದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಅದು ನಿಜವಾದ ನಷ್ಟ. ಕನ್ನಡಕ್ಕೆ ಮನೆಯಿಲ್ಲದ ಹಳೆಯ ಪದ್ಧತಿಯಲ್ಲಿ ಯಾರೋ ಆ ಫೈಲನ್ನು ಉಳಿಸಿದ್ದಾರೆ, ಪ್ರತಿ ಅಕ್ಷರದ ಜಾಗದಲ್ಲಿಯೂ 63 ಎಂಬ ಒಂದೇ ಸಂಖ್ಯೆ ಕುಳಿತಿದೆ, ಮೂಲವನ್ನು ಮರಳಿ ತರಲು ಯಾವ ಸಾಧನಕ್ಕೂ ಆಗದು. ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಈ ಅಪಾಯ ಬಹುಕಾಲ ಇತ್ತು. 2019ರ ವಿಂಡೋಸ್ 10 ಆವೃತ್ತಿಯಿಂದ ಈಚೆಗೆ ಅದು ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ.

ಇನ್ನು ಹಳೆಯ ಪಠ್ಯವನ್ನು ಬದಲಿಸುವ ಕೆಲಸ. ಬರಹ, ನುಡಿ ಎರಡರಲ್ಲಿಯೂ ಪರಿವರ್ತಕಗಳಿವೆ. ಕನ್ನಡದ ತಂತ್ರಜ್ಞರು ಬಿಡುವಿನ ವೇಳೆಯಲ್ಲಿ ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟಿರುವ ಜಾಲತಾಣದ ಪರಿವರ್ತಕಗಳೂ ಇವೆ. ಒಂದು ಪೆಟ್ಟಿಗೆಯಲ್ಲಿ ಹಳೆಯ ಪಠ್ಯವನ್ನು ಅಂಟಿಸಿ ಗುಂಡಿ ಒತ್ತಿದರೆ ಪಕ್ಕದ ಪೆಟ್ಟಿಗೆಯಲ್ಲಿ ಯೂನಿಕೋಡ್ ಕನ್ನಡ ಬರುತ್ತದೆ. ಗೋಜಲಿನಂತಿದ್ದ ಸಾಲುಗಳು ಒಂದೇ ಕ್ಷಣದಲ್ಲಿ ದೊಡ್ಡಪ್ಪನವರ ವಾಕ್ಯಗಳಾಗಿ ನಿಂತದ್ದನ್ನು ನೋಡಿದಾಗ ಆದ ಸಂತೋಷವನ್ನು ನಾನು ಮರೆಯಲಾರೆ. ಆಸ್ತಿಪತ್ರ, ವೈದ್ಯಕೀಯ ವರದಿಗಳಂಥ ಖಾಸಗಿ ಪಠ್ಯವಾದರೆ ಮಾತ್ರ ಒಂದು ಎಚ್ಚರಿಕೆ ಬೇಕು. ಜಾಲತಾಣ ತೆರೆದುಕೊಂಡ ಮೇಲೆ ಇಂಟರ್ನೆಟ್ ಸಂಪರ್ಕವನ್ನು ಕಡಿದು ಬೇರೆ ಯಾವುದಾದರೂ ಸಾಲನ್ನು ಬದಲಿಸಿ ನೋಡಿ. ಆಗಲೂ ಕೆಲಸ ಮಾಡಿದರೆ ಪರಿವರ್ತನೆ ನಿಮ್ಮ ಗಣಕದೊಳಗೇ ನಡೆಯುತ್ತಿದೆ ಎಂದು ತಿಳಿಯಬಹುದು. ಸಂಪರ್ಕ ಕಡಿದೊಡನೆ ಅದು ನಿಂತುಹೋದರೆ ನಿಮ್ಮ ಪಠ್ಯ ಬೇರೊಬ್ಬರ ಗಣಕಕ್ಕೆ ಹೋಗಿ ಬರುತ್ತದೆ ಎಂದರ್ಥ, ಅಂಥ ಕಡೆ ಖಾಸಗಿ ಕಾಗದವನ್ನು ಹಾಕಬಾರದು.

ಪರಿವರ್ತನೆಯಾದ ಪಠ್ಯವನ್ನು ಒಮ್ಮೆ ಪೂರ್ತಿ ಓದಲೇಬೇಕು. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳು ಎಲ್ಲಕ್ಕಿಂತ ಹೆಚ್ಚು ಕಾಡುತ್ತವೆ. ಮೂಲ ಕಡತದಲ್ಲಿ ಇಂಗ್ಲಿಷ್ ಪದಕ್ಕೆ ಬೇರೆ ಫಾಂಟು ಇತ್ತು. ಬರಿಯ ಪಠ್ಯವನ್ನು ನಕಲು ಮಾಡಿದಾಗ ಫಾಂಟಿನ ಮಾಹಿತಿ ಬಿಟ್ಟುಹೋಗುತ್ತದೆ, ಆಗ ನಿಜವಾದ ಇಂಗ್ಲಿಷ್ ‘ಪಿ’ ಯಾವುದು, ‘ಕ’ದ ವೇಷದ ‘ಪಿ’ ಯಾವುದು ಎಂದು ಪರಿವರ್ತಕಕ್ಕೆ ತಿಳಿಯುವುದಿಲ್ಲ. ದೊಡ್ಡಪ್ಪನವರ ಬರಹದಲ್ಲಿ ಎರಡು ಕಡೆ ಇಂಗ್ಲಿಷಿನಲ್ಲಿದ್ದ ಇಲಾಖೆಯ ಹೆಸರು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿಬಿಟ್ಟಿತ್ತು. ಅಂಕಿಗಳ ವಿಷಯದಲ್ಲಿಯೂ ನೋಡಿಕೊಳ್ಳಬೇಕು. ‘ನುಡಿ 01 ಕೆ’ ಎಂಬ ಫಾಂಟು ಅಂಕಿಗಳನ್ನು ಕನ್ನಡದಲ್ಲಿಯೂ ‘ನುಡಿ 01 ಇ’ ಎಂಬುದು ಇಂಗ್ಲಿಷಿನಲ್ಲಿಯೂ ತೋರಿಸುತ್ತಿತ್ತು. ಒಳಗಿನ ಸಂಖ್ಯೆ ಎರಡರಲ್ಲಿಯೂ ಒಂದೇ. ಸರ್ವೆ ನಂಬರುಗಳು ಕನ್ನಡ ಅಂಕಿಯಲ್ಲಿಯೇ ಇರಬೇಕೆಂದರೆ ಆಮೇಲೆ ನಾವೇ ಬದಲಿಸಿಕೊಳ್ಳಬೇಕು. ಶ್ರೀಲಿಪಿ, ಆಕೃತಿಯಂಥ ಬೇರೆ ತಂತ್ರಾಂಶಗಳ ಫಾಂಟಿನಲ್ಲಿರುವ ಪಠ್ಯಕ್ಕೆ ನುಡಿಯ ಪರಿವರ್ತಕ ಆಗಿಬರುವುದಿಲ್ಲ, ಏಕೆಂದರೆ ಯಾವ ತುಂಡು ಯಾವ ಮನೆಯಲ್ಲಿ ಎಂಬ ಹಂಚಿಕೆ ಅಲ್ಲಿ ಬೇರೆ. ಮೂಲ ಕಡತದಲ್ಲಿ ಫಾಂಟಿನ ಹೆಸರೇನೆಂದು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಮತ್ತು ಪರಿವರ್ತನೆ ಮುಗಿಯಿತೆಂದು ಆ ಮೂಲವನ್ನು ಅಳಿಸಬಾರದು.

ಯೂನಿಕೋಡಿಗೆ ಬಂದ ಮೇಲೂ ಹುಡುಕಿದ ಪದ ಕೆಲವೊಮ್ಮೆ ಸಿಗುವುದಿಲ್ಲ, ಕಣ್ಣೆದುರಿಗೆ ಇದ್ದರೂ ಸಿಗುವುದಿಲ್ಲ. ಅದಕ್ಕೆ ಕಾರಣ ಕಣ್ಣಿಗೆ ಕಾಣದ ಎರಡು ಚಿಹ್ನೆಗಳು, 8204 ಮತ್ತು 8205. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರಕ್ಕೆ ‘ವ’ ಒತ್ತಾಗಿ ಅಂಟಿಕೊಳ್ಳದಂತೆ ನಡುವೆ ತಡೆಯಾಗಿ ನಿಲ್ಲುವುದು ಮೊದಲನೆಯದು. ‘ರ‍್ಯಾಲಿ’ ಎಂದು ಬರೆಯುವಾಗ ರಕಾರ ಅರ್ಕಾವೊತ್ತಾಗದೆ ಪೂರ್ಣರೂಪದಲ್ಲಿ ಉಳಿಯುವಂತೆ ಮಾಡುವುದು ಎರಡನೆಯದು. ಅದಿಲ್ಲದಿದ್ದರೆ ‘ಕಾರ್ಯ’ದಲ್ಲಿರುವಂತೆ ಅರ್ಕಾವೊತ್ತು ಬಂದುಬಿಡುತ್ತದೆ. ಈ ಎರಡನೆಯ ಚಿಹ್ನೆಯನ್ನು ಮೊದಲು ಹಲಂತದ ನಂತರ ಇಡುತ್ತಿದ್ದರು, ಈಗ ಹಲಂತಕ್ಕಿಂತ ಮುಂಚೆ ಇಡುವುದು ರೂಢಿ. ಹೀಗೆ ಒಂದೇ ರೀತಿ ಕಾಣುವ ಎರಡು ಪದಗಳ ಒಳಗಿನ ಸಂಖ್ಯೆಗಳು ಬೇರೆ ಬೇರೆಯಾಗಿರಬಹುದು. ಇಂಥ ಪದವನ್ನು ಹುಡುಕುವಾಗ ಇಡೀ ಪದದ ಬದಲು ತೊಡಕಿಲ್ಲದ ಒಂದು ಭಾಗವನ್ನಷ್ಟೇ ಹುಡುಕಿದರೆ ಸಾಮಾನ್ಯವಾಗಿ ಕೆಲಸವಾಗುತ್ತದೆ.

ಕೈಯಲ್ಲಿ ಮೂಲ ಫೈಲಿಲ್ಲ, ಪಿಡಿಎಫ್ ಮಾತ್ರ ಇದೆ ಎಂದರೆ ಸ್ವಲ್ಪ ಕಷ್ಟ. ಪಿಡಿಎಫ್ ಎಂಬುದು ಮುದ್ರಿತ ಹಾಳೆಯ ತದ್ರೂಪವನ್ನು ಕಾಯ್ದಿಡಲು ಹುಟ್ಟಿದ್ದು. ಫಾಂಟನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ ಎಲ್ಲೆಡೆ ಚೆನ್ನಾಗಿಯೇ ಕಾಣುತ್ತದೆ, ಆದರೆ ನಕಲು ಮಾಡಹೋದರೆ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ನಕಲು ಮಾಡಿದ್ದು ಪಿ, ಪೌಂಡ್ ರೂಪದಲ್ಲಿದ್ದರೆ ಪರಿವರ್ತಕಕ್ಕೆ ಹಾಕಬಹುದು. ಅರೆಬರೆ ಕನ್ನಡವಾಗಿ, ಒತ್ತುಗಳೆಲ್ಲ ಕಳಚಿಕೊಂಡು ಬಂದರೆ ಅದರ ಹಿಂದೆ ಬೀಳುವುದು ವ್ಯರ್ಥ. ಪುಟವನ್ನು ಚಿತ್ರವಾಗಿ ತೆಗೆದು, ಚಿತ್ರದಿಂದ ಅಕ್ಷರ ಗುರುತಿಸುವ ಸಾಧನಕ್ಕೆ ಕೊಡುವುದೇ ಮೇಲು. 2005ರಲ್ಲಿ ಮುಕ್ತ ತಂತ್ರಾಂಶವಾದ ‘ಟೆಸರಾಕ್ಟ್’ ಕನ್ನಡವನ್ನು ಗುರುತಿಸುತ್ತದೆ. ಗೂಗಲ್ ಡ್ರೈವಿಗೆ ಪುಟದ ಚಿತ್ರವನ್ನು ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಪಠ್ಯ ಸಿಗುತ್ತದೆ. ಹೋಲುವ ಅಕ್ಷರಗಳಲ್ಲಿ, ಮುಖ್ಯವಾಗಿ ‘ಪ’ ಮತ್ತು ‘ಷ’ಗಳಲ್ಲಿ, ತಪ್ಪುಗಳಿರುತ್ತವೆ; ತಿದ್ದಬೇಕು.

ಇಷ್ಟೆಲ್ಲ ಶ್ರಮಪಟ್ಟು ಬರಹವನ್ನು ನುಡಿವ ಕ್ರಮಕ್ಕೆ ತಂದರೆ ಏನು ದೊರೆಯುತ್ತದೆ ಎಂಬುದನ್ನು ನೋಡಬೇಕಾದರೆ ‘ವಚನ ಸಂಚಯ’ಕ್ಕೆ ಹೋಗಬೇಕು. 20 ಸಾವಿರಕ್ಕೂ ಹೆಚ್ಚು ವಚನಗಳಿರುವ ಆ ಜಾಲತಾಣದಲ್ಲಿ ‘ಬಯಲು’ ಎಂದೋ ‘ಕಾಯಕ’ ಎಂದೋ ಹುಡುಕಿದರೆ, ಆ ಪದ ಯಾವ ಯಾವ ವಚನಕಾರರಲ್ಲಿ ಎಲ್ಲೆಲ್ಲಿ ಬಂದಿದೆ ಎಂಬುದು ಸಾಲಾಗಿ ಮುಂದೆ ನಿಲ್ಲುತ್ತದೆ. ‘ಅಲರ್’ ಎಂಬ ಕನ್ನಡ-ಇಂಗ್ಲಿಷ್ ನಿಘಂಟು ಇನ್ನೊಂದು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಲೆಹಾಕಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು 2019ರಿಂದ ಅಲ್ಲಿ ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿವೆ. ಬರಹವನ್ನು ಚೆಂದಗಾಣಿಸಬೇಕೆಂದರೆ ಗೂಗಲ್ ಫಾಂಟ್ಸ್‌ನಲ್ಲಿ ‘ಹುಬ್ಬಳ್ಳಿ’, ‘ಬೆಣ್ಣೆ’ ಎಂಬ ಹೆಸರಿನ ಕನ್ನಡ ಫಾಂಟುಗಳು ಉಚಿತವಾಗಿ ಸಿಗುತ್ತವೆ. ದುಂಡಗೆ ಮೃದುವಾಗಿ ಮೂಡುವ ‘ಬಾಲೂ ತಮ್ಮ’ ನನಗೆ ಬಹಳ ಇಷ್ಟ, ದೊಡ್ಡಪ್ಪನವರ ಬರಹದ ತಲೆಬರಹಕ್ಕೆ ಅದನ್ನೇ ಬಳಸಿದೆ.

ನಲವತ್ತೊಂದು ಪುಟಗಳ ಪರಿವರ್ತನೆಗೆ ಹಿಡಿದದ್ದು ಕೆಲವು ನಿಮಿಷ, ಓದಿ ತಿದ್ದಲು ಮೂರು ಸಂಜೆ. ದೊಡ್ಡಪ್ಪನವರಿಗೆ ಈಗ ಕಣ್ಣಿನಲ್ಲಿ ಪೊರೆ ಬೆಳೆದಿರುವುದರಿಂದ ಹೆಚ್ಚು ಹೊತ್ತು ಓದಲಾಗದು. ಮೊಬೈಲು ಗಟ್ಟಿಯಾಗಿ ಓದಿದ್ದನ್ನು ಅವರು ಕಣ್ಣುಮುಚ್ಚಿ ಕೇಳುತ್ತಿದ್ದರು, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ತಿದ್ದುತ್ತಿದ್ದೆ. ಎರಡನೆಯ ಸಂಜೆ ಅವರು ಕೈಯೆತ್ತಿ ನಿಲ್ಲಿಸಿ, “ಮಾಲದ ಗದ್ದೆ ಅಂತ ಓದಿತಲ್ಲ, ಅದು ಮಾಳದ ಗದ್ದೆ ಕಣಪ್ಪಾ” ಎಂದರು. ಹುಡುಕಿ ನೋಡಿದರೆ ಒಂಬತ್ತು ಕಡೆ ‘ಮಾಳ’ ಸರಿಯಾಗಿಯೇ ಇತ್ತು, ಎರಡು ಕಡೆ ಮಾತ್ರ ‘ಮಾಲ’ ಆಗಿತ್ತು. ಪರಿವರ್ತಕದ ತಪ್ಪೇ ಎಂದು ಹಳೆಯ ಫೈಲನ್ನು ತೆರೆದು ನೋಡಿದೆ. ಅದು 2004ರಲ್ಲಿ ಟೈಪ್ ಮಾಡುವಾಗಲೇ ಆಗಿದ್ದ ತಪ್ಪು. ಎರಡನ್ನೂ ತಿದ್ದಿ, ಮೊಬೈಲಿನಲ್ಲಿ ಆ ಪುಟವನ್ನು ಮೊದಲಿನಿಂದ ಓದಿಸಿದೆ.